ಅಳಿಸಿಹೋದ ಹಾಡು

ಕಳೆದ ಮಾಘಮಾಸದಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ಮನೆಯ ಕಂಬಳಿಗಳೆಲ್ಲ ಒಮ್ಮೆಗೇ ಕಾಣೆಯಾದವು. ಮೈಸೂರಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹುಡುಕಿಕೊಂಡು ಮಹಡಿಗೆ ಹೋದೆ. ಹಿಂಬದಿಯ ಚಿಕ್ಕ ಕೋಣೆಯಲ್ಲಿ ನನ್ನ ಮೊಮ್ಮಗಳು ಕಿಟಕಿಗೊಂದು ಬಾಗಿಲಿಗೊಂದು ಕಂಬಳಿ ಕಟ್ಟಿ, ನೆಲಕ್ಕೆ ಜಮಖಾನ ಹಾಸಿ, ತನ್ನ ಅಜ್ಜಿಯ ಸೀರೆಗಳಿದ್ದ ಬೀರುವಿನ ಎರಡು ಬಾಗಿಲನ್ನೂ ಅಗಲವಾಗಿ ತೆರೆದಿಟ್ಟಿದ್ದಳು. ಸೀರೆಗಳು ಸದ್ದನ್ನು ಕುಡಿಯುತ್ತವಂತೆ! ಫ್ಯಾನು ನಿಂತಿತ್ತು. ಕರೆಗಂಟೆಯ ತಂತಿಯನ್ನೂ ಕಿತ್ತಿಟ್ಟಾಗಿತ್ತು. ಮೇಜಿನ ಮೇಲೆ ಮಡಿಚುವ ಕಂಪ್ಯೂಟರು. ಅದರ ಪಕ್ಕದಲ್ಲಿ ಎಲೆಯಡಿಕೆ ಪೆಟ್ಟಿಗೆಗಿಂತ ದೊಡ್ಡದಲ್ಲದ ಒಂದು ಡಬ್ಬಿ. ಕಂಬದ ಮೇಲೊಂದು ಮೈಕು. ಅದರೆದುರಿಗೆ ಶಾಲು ಹೊದ್ದು, ಎಂಬತ್ತು ದಾಟಿದ ನನ್ನ ಅಕ್ಕ ಕುಳಿತಿದ್ದಳು.

“ತಾತ, ಕೂತುಕೊಳ್ಳೋದಾದರೆ ಕೂತುಕೋ. ಆದರೆ ಕೆಮ್ಮೋ ಹಾಗಿಲ್ಲ,” ಎಂದಳು ಮೊಮ್ಮಗಳು. ಆ ಕರಾರಿಗೆ ಒಪ್ಪಿ ನಾನು ಮೂಲೆಯ ಬೆತ್ತದ ಕುರ್ಚಿಯಲ್ಲಿ ಕುಳಿತೆ.

ಹಾಡನ್ನು ಹಿಡಿದಿಡಬೇಕಾದರೆ ಹಾಡುವವರು ಊರು ಬಿಟ್ಟು ಊರಿಗೆ ಹೋಗಿ, ಸ್ಟುಡಿಯೋದ ಗಾಜಿನ ಆಚೆ ಕುಳಿತ ಅಪರಿಚಿತರ ಕೈಸನ್ನೆಗೆ ಕಾಯಬೇಕಾಗಿದ್ದ ಕಾಲವನ್ನು ನಾನು ಕಂಡವನು. ಆ ಕೆಲಸ ನಮ್ಮ ಮನೆಯ ಮಹಡಿಗೆ, ಹತ್ತೊಂಬತ್ತು ವರ್ಷದ ಹುಡುಗಿಯ ಕೈಗೆ ಬಂದದ್ದು ಹೇಗೆ? ಅಂದಿನಿಂದ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನನ್ನದು ಸಂಗೀತ ಬಲ್ಲವನ ಕುತೂಹಲವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅದು ತಪ್ಪಿತಸ್ಥನ ಕುತೂಹಲ. ತಪ್ಪು ಯಾವುದೆಂಬುದು ಮುಂದೆ ಬರುತ್ತದೆ.

ಮೊದಲು ಯಂತ್ರದ ಸಂಗತಿ. 1877ರಲ್ಲಿ ಅಮೆರಿಕದ ಎಡಿಸನ್ ಒಂದು ಉರುಳೆಗೆ ತವರದ ತೆಳುಹಾಳೆ ಸುತ್ತಿ, ಹಿಡಿಕೆ ತಿರುಗಿಸುತ್ತ ಮಕ್ಕಳ ಪದ್ಯವೊಂದನ್ನು ಅದರ ಮುಂದೆ ಹೇಳಿದ; ಯಂತ್ರ ಅದನ್ನು ತಿರುಗಿ ಹೇಳಿತು. ಈ ಕಥೆ ಶಾಲೆಯ ಪುಸ್ತಕಗಳಲ್ಲೇ ಉಂಟು. ಅವು ಹೇಳದ ಒಂದು ಮಾತುಂಟು: ಆ ಫೋನೋಗ್ರಾಫು ಕೇಳಿಸಿಕೊಳ್ಳುವ ಯಂತ್ರವೂ ಹೌದು, ಕೇಳಿಸುವ ಯಂತ್ರವೂ ಹೌದು. ಮುಂದೆ ತವರದ ಬದಲು ಮೇಣದ ಉರುಳೆಗಳು ಬಂದಾಗ, ಅನುಕೂಲಸ್ಥರು ಖಾಲಿ ಉರುಳೆ ಕೊಂಡು ತಂದು ಮಕ್ಕಳ ತೊದಲನ್ನೂ ಮನೆಯವರ ಹಾಡನ್ನೂ ತಾವೇ ಮುದ್ರಿಸಿಕೊಳ್ಳುತ್ತಿದ್ದರು. ಬೇಡವೆನಿಸಿದರೆ ಮೇಣದ ಮೇಲ್ಮೈಯನ್ನು ತೆಳ್ಳಗೆ ಹೆರೆದು ಮತ್ತೆ ಬಳಸಬಹುದಾಗಿತ್ತು. ಹಾಗಾಗಿ ಮನೆಯ ಧ್ವನಿಮುದ್ರಣ ಇಂದಿನ ಹುಡುಗರ ಆವಿಷ್ಕಾರವೇನೂ ಅಲ್ಲ. ಈ ವಿದ್ಯೆ ಹುಟ್ಟಿದ್ದೇ ಹಾಗೆ.

ಅದನ್ನು ಮನೆಯಿಂದ ಹೊರಹಾಕಿದ್ದು ತಟ್ಟೆ. 1887ರಲ್ಲಿ ಬರ್ಲಿನರ್ ಎಂಬವನು ಗ್ರಾಮಫೋನಿಗೆ ಹಕ್ಕುಪತ್ರ ಪಡೆದ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದು ಎಂಬುದು ಅದರ ಹೆಚ್ಚುಗಾರಿಕೆ. ವ್ಯಾಪಾರಕ್ಕೆ ಬೇಕಾದದ್ದೂ ಅದೇ. ಆದರೆ ಕೊಂಡವನ ಮನೆಯಲ್ಲಿ ತಟ್ಟೆ ಹಾಡಬಲ್ಲದಾಗಿತ್ತೇ ಹೊರತು ಕೇಳಿಸಿಕೊಳ್ಳಬಲ್ಲದಾಗಿರಲಿಲ್ಲ. ಮನೆಯ ಯಂತ್ರಕ್ಕೆ ಬಾಯಿ ಉಳಿಯಿತು, ಕಿವಿ ಹೋಯಿತು. ಆ ಕಿವಿ ಮರಳಿ ಬರಲು ಅರ್ಧ ಶತಮಾನ ಹಿಡಿಯಿತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ತಟ್ಟೆಯ ರೂಪದಲ್ಲೇ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯನ್ನೇ ಮುದ್ರಣಶಾಲೆ ಮಾಡಿಕೊಂಡ. ಅಲ್ಲಿಗೆ ಬಂದ ಹಾಡುಗಾರ್ತಿಯರಲ್ಲಿ ಗೌಹರ್ ಜಾನ್ ಒಬ್ಬಳು. ಮೈಕು ಇನ್ನೂ ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಂಬಿನೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಮಡಿಚಬೇಕು. ತಪ್ಪಿದರೆ ಮೇಣ ದಂಡ. ಹಾಡು ಮುಗಿದೊಡನೆ ಅವಳು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಒತ್ತಿಸಿಕೊಳ್ಳಲು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ! ಆ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ನಮ್ಮೂರಿಗೆ ಬಂದು, 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡಳು. ಅವಳ ಧ್ವನಿ ಇಂದಿಗೂ ಉಳಿದಿದೆ. ಅದೇ ವರ್ಷಗಳಲ್ಲಿ ಇದೇ ಊರಿನ ಮನೆಗಳಲ್ಲಿ, ಹೊಸಿಲು ದಾಟದೆ, ಬತ್ತಿ ಹೊಸೆಯುತ್ತ ಹಾಡಿಕೊಂಡ ಎಷ್ಟು ಹೆಂಗಸರ ಧ್ವನಿ ಉಳಿದಿದೆ? ಅವರಲ್ಲಿ ನಮ್ಮ ಅಜ್ಜಿಯೂ ಒಬ್ಬರೆಂದು ಅಮ್ಮ ಹೇಳುತ್ತಿದ್ದಳು.

1925ರ ಹೊತ್ತಿಗೆ ಮೈಕು ಬಂದು ಕೊಂಬು ಹೋಯಿತು. ಮೆಲುದನಿಯೂ ಮುದ್ರಣಕ್ಕೆ ಯೋಗ್ಯವಾಯಿತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್ ಶಕ್ತಿಯ ಪುಟ್ಟ ಪ್ರೇಷಕಯಂತ್ರದಿಂದ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಹೆಸರಿಟ್ಟದ್ದನ್ನು ಈ ಊರಿನವನಾಗಿ ನಾನು ಹೇಳದೆ ಇರಲಾರೆ. ಮನೆಯಲ್ಲೂ ಸ್ಟುಡಿಯೋ ಇರಬಹುದೆಂಬುದನ್ನು ಅವರು ಆಗಲೇ ತೋರಿಸಿಕೊಟ್ಟಿದ್ದರು. ಆದರೆ ಅದು ಪ್ರಸಾರ, ಮುದ್ರಣವಲ್ಲ. ಹಾಡು ಗಾಳಿಗೆ ಹೋಯಿತು, ಕೇಳಿದವರು ಕೇಳಿದರು.

ಕಿವಿ ಮರಳಿ ಬಂದದ್ದು ಕಾಂತದ ಪಟ್ಟಿಯಿಂದ, ಅಂದರೆ ಟೇಪಿನಿಂದ. ಡೆನ್ಮಾರ್ಕಿನ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತದ ಗುರುತಾಗಿ ಬರೆದಿದ್ದ. ಜರ್ಮನರು ತಂತಿಯ ಬದಲು ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಪುಡಿ ಬಳಿದು, 1935ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ‘ಮ್ಯಾಗ್ನೆಟೋಫೋನ್’ ಎಂಬ ಯಂತ್ರವನ್ನು ತೋರಿಸಿದರು. ಯುದ್ಧ ಮುಗಿದಾಗ ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೈನಿಕ ಎಂಜಿನಿಯರು ಅಂಥ ಎರಡು ಯಂತ್ರಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ತನ್ನ ಊರಿಗೆ ಅಂಚೆಯಲ್ಲಿ ಕಳಿಸಿಕೊಂಡ. ಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿಗೆ ರೇಡಿಯೋದಲ್ಲಿ ವಾರವಾರವೂ ನೇರವಾಗಿ ಹಾಡುವುದು ಬೇಸರವಾಗಿತ್ತು. 1947ರಿಂದ ಅವನ ಕಾರ್ಯಕ್ರಮ ಟೇಪಿಗೆ ಹೋಯಿತು. ಸೋಮಾರಿತನದಿಂದಲೂ ವಿಜ್ಞಾನಕ್ಕೆ ಉಪಕಾರವಾಗುವುದುಂಟು.

ಈ ಕ್ರಾಸ್ಬಿ ತನ್ನ ಗೆಳೆಯ, ಗಿಟಾರುವಾದಕ ಲೆಸ್ ಪಾಲ್‌ಗೆ 1949ರಲ್ಲಿ ಒಂದು ಟೇಪ್ ಯಂತ್ರವನ್ನು ಕೊಟ್ಟ. ನನ್ನ ಮಟ್ಟಿಗೆ ಈ ಚರಿತ್ರೆಯ ನಾಯಕ ಈ ಲೆಸ್ ಪಾಲ್. ಅವನು ಅದಕ್ಕೂ ಮೊದಲೇ ಹಾಲಿವುಡ್ಡಿನ ತನ್ನ ಮನೆಯ ಮೋಟಾರುಖಾನೆಯಲ್ಲಿ ತಟ್ಟೆ ಕೊರೆಯುವ ಯಂತ್ರ ಇಟ್ಟುಕೊಂಡು ಒಂದು ವಿಚಿತ್ರ ಸಾಹಸ ಮಾಡುತ್ತಿದ್ದ. ಒಂದು ತಟ್ಟೆಯಲ್ಲಿ ಗಿಟಾರು ನುಡಿಸಿ ಮುದ್ರಿಸುವುದು, ಆ ತಟ್ಟೆ ಹಾಡುತ್ತಿರುವಾಗ ಅದರ ಜೊತೆಗೇ ಇನ್ನೊಂದು ಗತ್ತು ನುಡಿಸಿ, ಎರಡನ್ನೂ ಕೂಡಿಸಿ ಎರಡನೆಯ ತಟ್ಟೆಗೆ ಇಳಿಸುವುದು, ಆಮೇಲೆ ಮೂರನೆಯದು. ಹೀಗೆ ಎಂಟು ಗಿಟಾರುಗಳನ್ನು ಒಬ್ಬನೇ ನುಡಿಸಿದ ‘ಲವರ್’ ಎಂಬ ತಟ್ಟೆ 1948ರಲ್ಲಿ ಹೊರಬಂತು. ಏಳನೆಯ ಸುತ್ತಿನಲ್ಲಿ ಕೈ ತಪ್ಪಿದರೆ ಹಿಂದಿನ ತಟ್ಟೆಗೆ ಮರಳಬೇಕು.

ಟೇಪು ಬಂದಾಗ ಅವನು ಇನ್ನೊಂದು ಉಪಾಯ ಮಾಡಿದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನನ್ನ ತಪ್ಪಿಗೂ ಇದಕ್ಕೂ ನಂಟಿದೆ. ಟೇಪ್ ಯಂತ್ರದಲ್ಲಿ ಪಟ್ಟಿ ಮೊದಲು ಒಂದು ‘ಅಳಿಸುವ ತಲೆ’ಯ ಮುಂದೆ ಹಾಯುತ್ತದೆ, ಅನಂತರ ‘ಬರೆಯುವ ತಲೆ’ಯ ಮುಂದೆ. ಹಲಗೆಯನ್ನು ಒರೆಸಿ ಬರೆಯುವ ಮೇಷ್ಟರ ಹಾಗೆ. ಕೆಂಪು ಗುಂಡಿ ಒತ್ತಿದರೆ ಹಳೆಯದೆಲ್ಲ ಹೋಗಿ ಹೊಸದು ಬರುತ್ತದೆ. ಲೆಸ್ ಪಾಲ್ ಅಳಿಸುವ ತಲೆಗೂ ಮುಂಚೆ ಓದುವ ತಲೆಯೊಂದನ್ನು ಕೂಡಿಸಿದ. ಹಳೆಯ ಧ್ವನಿಯನ್ನು ಅಳಿಯುವ ಮುನ್ನವೇ ಓದಿ, ಹೊಸದರ ಜೊತೆ ಬೆರೆಸಿ, ಅದೇ ಪಟ್ಟಿಗೆ ಬರೆಯುವುದು. ಅವನ ಹೆಂಡತಿ ಮೇರಿ ಫೋರ್ಡ್ ಹೀಗೆ ತನ್ನ ಧ್ವನಿಯ ಮೇಲೆ ತಾನೇ ಹಾಡಿ, ಒಬ್ಬಳೇ ಒಂದು ಮೇಳವಾದಳು. ಮನೆಯಲ್ಲೇ ತಯಾರಾದ ಅವರ ‘ಹೌ ಹೈ ದಿ ಮೂನ್’ 1951ರಲ್ಲಿ ಒಂಬತ್ತು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತಲೆಯಲ್ಲಿ ನಿಂತಿತು. ಆದರೆ ಇದರಲ್ಲಿ ಹಿಂದಿನ ತಟ್ಟೆಯ ಆಸರೆಯೂ ಇಲ್ಲ. ಕೊನೆಯ ಸುತ್ತಿನಲ್ಲಿ ಒಂದು ಸೀನು ಬಂದರೆ ಮೊದಲಿನದೆಲ್ಲ ಸೇರಿ ಹಾಳು. ಅಷ್ಟು ಧೈರ್ಯ ಆ ದಂಪತಿಗಳಿಗಿತ್ತು. 1957ರಲ್ಲಿ ಎಂಟು ಧ್ವನಿಗಳನ್ನು ಎಂಟು ಪಟ್ಟಿಗಳಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುವ ದೊಡ್ಡ ಯಂತ್ರ ಅವನ ಮನೆಗೆ ಬಂದಮೇಲೆ ಆ ಭಯ ತಪ್ಪಿತು. ಅಂಥ ಯಂತ್ರ ಆಗ ಎಷ್ಟು ಜನರ ಮನೆಗೆ ಬಂದೀತು?

ನಮ್ಮಂಥವರ ಮನೆಗೆ ಬಂದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತಾದರೂ ನಮ್ಮ ಕಡೆ ಅದು ಮನೆಮಾತಾದದ್ದು ಎಪ್ಪತ್ತರ ದಶಕ ಕಳೆಯುತ್ತಿದ್ದಾಗ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರು ರಜೆಗೆ ಬರುವಾಗ ‘ಟೂ-ಇನ್-ಒನ್’ ತರುತ್ತಿದ್ದರು: ರೇಡಿಯೋ ಮತ್ತು ಟೇಪು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಭಾವಗೀತೆಗಳ ಧ್ವನಿಸುರುಳಿಗಳು ಅಂಗಡಿಗೆ ಬಂದವು. ಯಕ್ಷಗಾನದ ರಂಗಸ್ಥಳದ ಮುಂದೆ ಟೇಪ್ ರಿಕಾರ್ಡರು ಹಿಡಿದು ರಾತ್ರಿಯೆಲ್ಲ ಕೂರುವ ಅಭಿಮಾನಿಗಳು ಹುಟ್ಟಿಕೊಂಡರು. ನಾನೂ ಕುವೈತಿನಿಂದ ಬಂದ ಗೆಳೆಯನೊಬ್ಬನಿಂದ ಅಂಥ ಒಂದು ಪೆಟ್ಟಿಗೆಯನ್ನು ಕಂತಿನಲ್ಲಿ ಕೊಂಡೆ.

1981ರ ನವರಾತ್ರಿಯಲ್ಲಿ ಅಮ್ಮನನ್ನು ಕಾಡಿ ಬೇಡಿ ಅದರ ಮುಂದೆ ಕೂರಿಸಿದೆ. “ನನ್ನದೇನು ಸಂಗೀತವೇನೋ, ಬರೀ ಗೊಣಗು,” ಎಂದಳು. ಆದರೂ ಹಾಡಿದಳು. ಒಂದು ಬದಿಯ ಮೂವತ್ತು ನಿಮಿಷ ದೇವರನಾಮಗಳು. ಕೊನೆಯದು ತೋಡಿ ರಾಗದ್ದು. ಅದರ ಪಲ್ಲವಿಯ ನಡುವೆಯೇ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆ ಹಾರಿತು. “ಅದಕ್ಕೂ ಸಾಕಾಯಿತು ನೋಡು,” ಎಂದು ನಕ್ಕು ಒಳಗೆ ಹೋದಳು.

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಮತ್ತೆ ಅದರ ಮೇಲೆ ಮುದ್ರಿಸಲು ಬರುವುದಿಲ್ಲ. ನಾನು ಮುರಿಯಲಿಲ್ಲ. 1983ರ ಜೂನ್ 25ರ ರಾತ್ರಿ ರೇಡಿಯೋದಲ್ಲಿ ವಿಶ್ವಕಪ್ಪಿನ ಕೊನೆಯ ಪಂದ್ಯ. ನಮ್ಮವರು ಗೆಲ್ಲುವ ಸೂಚನೆ ಕಂಡೊಡನೆ, ಚರಿತ್ರೆಯನ್ನು ಹಿಡಿದಿಡಬೇಕೆಂಬ ಆವೇಶದಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ತುರುಕಿ ಕೆಂಪು ಗುಂಡಿ ಒತ್ತಿದೆ. ಗೆದ್ದಾಯಿತು, ಗುಂಡಿ ಆರಿಸಿ ಬೀದಿಗೆ ಓಡಿದೆ.

1985ರಲ್ಲಿ ಅಮ್ಮ ಹೋದಳು. ವೈಕುಂಠ ಸಮಾರಾಧನೆ ಮುಗಿದ ಸಂಜೆ, ಊರಿಗೆ ಹೊರಟು ನಿಂತ ಅಕ್ಕ, “ಅಮ್ಮನ ಕ್ಯಾಸೆಟ್ ಹಾಕೋ, ಒಂದು ಸಲ ಕೇಳಿ ಹೋಗ್ತೀನಿ,” ಎಂದಳು. ಹಾಕಿದೆ. ಬಂದದ್ದು ಲಾರ್ಡ್ಸ್ ಮೈದಾನದ ಗದ್ದಲ. ಮುಂದಕ್ಕೆ ಓಡಿಸಿದೆ, ಹಿಂದಕ್ಕೆ ಓಡಿಸಿದೆ. ಎಲ್ಲ ಕಡೆಯೂ ಅದೇ. ಕೊಟ್ಟಕೊನೆಯಲ್ಲಿ, ನಾನು ಗುಂಡಿ ಆರಿಸಿ ಓಡಿದ್ದರಿಂದ ಉಳಿದುಕೊಂಡ ಜಾಗದಲ್ಲಿ, ಹದಿನಾಲ್ಕು ಸೆಕೆಂಡು ಅಮ್ಮ ಇದ್ದಳು: ತೋಡಿಯ ಆ ಅರ್ಧ ಪಲ್ಲವಿ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, “ಯಾರು ಗೆದ್ದದ್ದು?” ಎಂದು ಕೇಳಿದಳು. ಇಡೀ ದೇಶಕ್ಕೆ ಗೊತ್ತಿದ್ದ ಸಂಗತಿ. ಆಮೇಲೆ ಆ ಮಾತನ್ನು ಅವಳು ಎತ್ತಲೇ ಇಲ್ಲ.

ನನ್ನ ಪೆಟ್ಟಿಗೆಯಲ್ಲಿ ಲೆಸ್ ಪಾಲ್‌ನ ಆ ಹೆಚ್ಚಿನ ತಲೆ ಇದ್ದಿದ್ದರೆ ಕ್ರಿಕೆಟ್ಟಿನ ಹಿಂದೆಯಾದರೂ ಅಮ್ಮ ಹಾಡುತ್ತಿದ್ದಳಲ್ಲ ಎಂದು ಈಗ ಓದುವಾಗ ಹೊಳೆಯಿತು.

ಇರಲಿ. ನಾನು ಹೀಗೆ ಅಳಿಸುತ್ತಿದ್ದ ಕಾಲದಲ್ಲೇ ಬೇರೆಯವರು ಕ್ಯಾಸೆಟ್ಟಿನಿಂದ ದೊಡ್ಡ ಕೆಲಸ ಮಾಡುತ್ತಿದ್ದರು. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿಯವರು ‘ಪೋರ್ಟಾಸ್ಟುಡಿಯೋ’ ಎಂಬ ಯಂತ್ರ ತಂದರು. ಕ್ಯಾಸೆಟ್ಟಿನ ಎರಡೂ ಬದಿಗೆ ಸೇರಿದ ನಾಲ್ಕು ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ಬಳಸಿ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಇಡುವ ಯಂತ್ರ. ಮೇಜಿನ ಮೇಲೆ ಹಿಡಿಸುವಂಥದು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ಹಾಡುಗಾರ ತನ್ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಅದರ ಮುಂದೆ ಕುಳಿತು, ಬರಿಯ ಮಾದರಿಗೆಂದು ಒಂದಷ್ಟು ಹಾಡುಗಳನ್ನು ಹಾಡಿಕೊಂಡ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಕೆಲವು ವಾರ ಜೇಬಿನಲ್ಲಿಟ್ಟು ತಿರುಗಿದ. ಅನಂತರ ದೊಡ್ಡ ಸ್ಟುಡಿಯೋದಲ್ಲಿ, ತನ್ನ ಮೇಳದವರನ್ನೆಲ್ಲ ಕೂಡಿಕೊಂಡು ಅವನ್ನೇ ಮತ್ತೆ ಹಾಡಿದರೆ ಆ ಕೋಣೆಯ ಏಕಾಂತ ಬರಲೇ ಇಲ್ಲ. ಕಡೆಗೆ ಜೇಬಿನಲ್ಲಿದ್ದ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಅದೇ ವರ್ಷ ಪ್ರಕಟವಾಯಿತು.

ಕಂಪ್ಯೂಟರಿಗೆ ಹಾಡು ಕಲಿಸುವುದು ಇಷ್ಟು ಸುಲಭವಾಗಿರಲಿಲ್ಲ. ಅದು ಬಲ್ಲದ್ದು ಅಂಕಿಯನ್ನು ಮಾತ್ರ. ಧ್ವನಿಯೆಂದರೆ ಗಾಳಿಯ ಅಲೆ; ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಟ್ಟರೆ, ಆ ಅಂಕಿಗಳಿಂದ ಅಲೆಯನ್ನು ಮತ್ತೆ ಎಬ್ಬಿಸಬಹುದು. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಲೆಕ್ಕವೇ ಇದು. ಎರಡು ಕಿವಿಗೂ ಸೇರಿ ಒಂದು ನಿಮಿಷದ ಹಾಡಿಗೆ ಸುಮಾರು 10 ಮೆಗಾಬೈಟು ಬೇಕು. 1983ರಲ್ಲಿ ಐಬಿಎಂ ಕಂಪನಿ ಹೆಮ್ಮೆಯಿಂದ ಮಾರಿದ ಎಕ್ಸ್‌ಟಿ ಕಂಪ್ಯೂಟರಿನ ಇಡೀ ಉಗ್ರಾಣವೇ 10 ಮೆಗಾಬೈಟು! ಪಲ್ಲವಿಗೇ ಮನೆ ತುಂಬಿಹೋಗುತ್ತಿತ್ತು. ಅನುಪಲ್ಲವಿಗೆ ಜಗುಲಿಯೂ ಇಲ್ಲ.

ಆದ್ದರಿಂದ ಮೊದಲು ಬಂದದ್ದು ಅಡ್ಡದಾರಿ. ಅದೇ 1983ರಲ್ಲಿ ವಾದ್ಯ ತಯಾರಕರು ಕೂಡಿ ‘ಮಿಡಿ’ ಎಂಬ ಒಂದು ಒಪ್ಪಂದಕ್ಕೆ ಬಂದರು. ಅದರಲ್ಲಿ ನಾದ ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಒತ್ತು ಎಂಬ ಆದೇಶ ಮಾತ್ರ ಇರುತ್ತದೆ. ನಮ್ಮ ಪಾಠದ ಪುಸ್ತಕದ ಸ್ವರಲಿಪಿಯ ಹಾಗೆ. 1985ರ ಅಟಾರಿ ಎಸ್‌ಟಿ ಕಂಪ್ಯೂಟರು ಈ ತಂತಿ ಸಿಕ್ಕಿಸುವ ಕಿಂಡಿಯನ್ನು ಹೊತ್ತೇ ಬಂತು. ಕೀಲಿಮಣೆ ವಾದ್ಯಕ್ಕೆ ಇದರಿಂದ ಬಹಳ ಉಪಯೋಗವಾಯಿತು. ಕಂಠಕ್ಕೆ ಏನೂ ಆಗಲಿಲ್ಲ, ವೀಣೆಗೂ ಅಷ್ಟಕ್ಕಷ್ಟೆ.

ಕಂಠ ಒಳಗೆ ಬಂದದ್ದು ಕ್ಯಾಲಿಫೋರ್ನಿಯದ ಇಬ್ಬರು ಗೆಳೆಯರಿಂದ. ಪೀಟರ್ ಗಾಚರ್ ಮತ್ತು ಇವಾನ್ ಬ್ರೂಕ್ಸ್ 1984ರಲ್ಲಿ ಡ್ರಮ್ ಯಂತ್ರಗಳಿಗೆ ಹೊಸ ಸದ್ದುಗಳ ಚಿಪ್ಪು ಮಾರುತ್ತಿದ್ದವರು. 1989ರಲ್ಲಿ ಅವರು ಮ್ಯಾಕಿಂತಾಷ್ ಕಂಪ್ಯೂಟರಿನಲ್ಲಿ ಎರಡು ಪಟ್ಟಿ ಮುದ್ರಿಸುವ ‘ಸೌಂಡ್ ಟೂಲ್ಸ್’ ಮಾಡಿದರು. 1991ರಲ್ಲಿ ನಾಲ್ಕು ಪಟ್ಟಿಗಳ ‘ಪ್ರೊ ಟೂಲ್ಸ್’. ಬೆಲೆ ಸುಮಾರು 6,000 ಡಾಲರು. ಅಂದಿನ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಹೆಚ್ಚು, ಕಂಪ್ಯೂಟರಿನ ಬೆಲೆ ಬೇರೆ. ಆ ಮೇಲಿನ ಹತ್ತು ವರ್ಷಗಳನ್ನು ಬೇಗ ದಾಟಿಬಿಡಬಹುದು: ಉಗ್ರಾಣ ದೊಡ್ಡದಾಯಿತು, ಬೆಲೆ ಇಳಿಯಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯವರು, ಸ್ಟುಡಿಯೋದ ಕಪಾಟುಗಳಲ್ಲಿರುತ್ತಿದ್ದ ಉಪಕರಣಗಳ ಕೆಲಸವನ್ನು ಕಂಪ್ಯೂಟರಿನೊಳಗೇ ಮಾಡಿಸಿದರು. 2000ದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ‘ಆಡಾಸಿಟಿ’ ಎಲ್ಲರಿಗೂ ಪುಕ್ಕಟೆಯಾಗಿ ಬಂತು. 2004ರಲ್ಲಿ ಆಪಲ್ ಕಂಪನಿ ತನ್ನ ಹೊಸ ಕಂಪ್ಯೂಟರುಗಳ ಜೊತೆಗೇ ‘ಗ್ಯಾರೇಜ್ ಬ್ಯಾಂಡ್’ ಕೊಟ್ಟಿತು. ಗ್ಯಾರೇಜೆಂದರೆ ಮೋಟಾರುಖಾನೆ, ಲೆಸ್ ಪಾಲ್ ಕೇಳಿದ್ದರೆ ನಗುತ್ತಿದ್ದ. 2009ರವರೆಗೆ ಬದುಕಿದ್ದನಾದ್ದರಿಂದ ನಕ್ಕಿರಲೂಬಹುದು.

ಇದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಬೆಲೆಯೂ ಅಲ್ಲ, ಪಟ್ಟಿಗಳ ಸಂಖ್ಯೆಯೂ ಅಲ್ಲ. ಮೊಮ್ಮಗಳು ಅಕ್ಕನ ಹಾಡಿನ ಒಂದು ತುಂಡನ್ನು ಕತ್ತರಿಸಿ ಎಸೆದಾಗ ನಾನು ಗಾಬರಿಯಿಂದ ಎದ್ದು ನಿಂತೆ. ಅವಳು ನಕ್ಕು ಎರಡು ಗುಂಡಿ ಒತ್ತಿದಳು. ತುಂಡು ತನ್ನ ಜಾಗಕ್ಕೆ ಬಂದು ಕುಳಿತಿತು. ಕತ್ತರಿಸಿದ್ದು ಹಾಡನ್ನಲ್ಲವಂತೆ. ಮೂಲ ಮುದ್ರಿಕೆ ಉಗ್ರಾಣದಲ್ಲಿ ಹಾಗೇ ಇರುತ್ತದೆ. ‘ಇಲ್ಲಿಂದ ಇಲ್ಲಿಯವರೆಗೆ ನುಡಿಸು’ ಎಂಬ ಗುರುತು ಮಾತ್ರ ಬದಲಾಗುತ್ತದೆ, ಪುಸ್ತಕದಲ್ಲಿ ನವಿಲುಗರಿಯನ್ನು ಬೇರೆ ಪುಟಕ್ಕೆ ಇಟ್ಟ ಹಾಗೆ. ಅಳಿಸುವ ತಲೆಯೇ ಇಲ್ಲದ ಯಂತ್ರ! ನನ್ನಂಥವರಿಗಾಗಿಯೇ ಮಾಡಿದಂತಿದೆ. ಹಾಗೆಂದು ಇದು ಚಿರಂಜೀವಿಯೂ ಅಲ್ಲ. ಉಗ್ರಾಣ ಕೆಟ್ಟರೆ ಮುದ್ರಿಕೆಯೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತದೆ. ಮೂವತ್ತು ವರ್ಷದ ಹಿಂದಿನ ಕಡತವನ್ನು ಇಂದಿನ ಕಂಪ್ಯೂಟರು ಗುರುತೇ ಹಿಡಿಯದಿರಬಹುದು. ಮೊಮ್ಮಗಳು ಮೂರು ಕಡೆ ಪ್ರತಿ ಇಡುತ್ತಾಳೆ.

ಅಕ್ಕನ ಮೊದಲ ದೂರು ಬೇರೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದು ಸಾಲು ಹಾಡಿ ನಿಲ್ಲಿಸಿ, “ಯಾರೋ ಹಿಂದೆ ನಿಂತು ಅಣಕಿಸ್ತಾರೆ ಕಣೇ,” ಎಂದಳು. ಅದು ಅವಳದೇ ಧ್ವನಿ, ತಡವಾಗಿ ಬಂದದ್ದು. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ. ಬಿಂದಿಗೆ ತುಂಬಿದ ಮೇಲೆ ಹೊರುತ್ತದೆ. ಹೊತ್ತು ಒಳಗೆ ಹೋಗಿ ಹೊರಗೆ ಬರಲು ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು ಕಾಲ ಹಿಡಿದರೂ, ಹಾಡುವವರಿಗೆ ತಮ್ಮ ದನಿ ಇಪ್ಪತ್ತೈದು ಮೂವತ್ತು ಅಡಿ ದೂರದಿಂದ ಬಂದಂತೆ ಕೇಳುತ್ತದೆ. ಬಿಂದಿಗೆಯನ್ನು ಚಿಕ್ಕದು ಮಾಡಿದರೆ ಕಂಪ್ಯೂಟರು ಏದುಸಿರು ಬಿಟ್ಟು ಚಟಪಟ ಎನ್ನುತ್ತದೆ. ಆ ಪುಟ್ಟ ಡಬ್ಬಿಯಲ್ಲಿ ಇದಕ್ಕೂ ಉಪಾಯವಿತ್ತು: ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವುದರ ಜೊತೆಗೇ ನೇರವಾಗಿ ಕಿವಿಗೂ ಕೊಡುವ ಒಂದು ತಿರುಪು. ಅಣಕ ನಿಂತಿತು.

ಎರಡನೆಯ ದೂರು ಹೆಚ್ಚಿನದು. ಮೊಮ್ಮಗಳು ಒಳ್ಳೆಯ ಮನಸ್ಸಿನಿಂದಲೇ ಸ್ವರ ತಿದ್ದುವ ಸಾಧನವೊಂದನ್ನು ಹಚ್ಚಿದ್ದಳು. ಇದರ ಮೂಲವೇ ಒಂದು ಸೋಜಿಗ. ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರು ಭೂಮಿಯೊಳಗೆ ಕಳಿಸಿದ ಕಂಪನಗಳ ಪ್ರತಿಧ್ವನಿಯಿಂದ ಎಣ್ಣೆ ಎಲ್ಲಿದೆಯೆಂದು ಲೆಕ್ಕ ಹಾಕುತ್ತಿದ್ದವನು. ಅದೇ ಬಗೆಯ ಗಣಿತದಿಂದ ಹಾಡುವವರ ಸ್ವರವನ್ನೂ ಅಳೆದು ತಿದ್ದಬಹುದೆಂದು ಕಂಡು 1997ರಲ್ಲಿ ‘ಆಟೋ-ಟ್ಯೂನ್’ ಹೊರತಂದ. ಮರುವರ್ಷವೇ ಶೆರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ಅದನ್ನು ಬೇಕೆಂದೇ ಅತಿಯಾಗಿ ಬಳಸಿ, ಯಂತ್ರಕಂಠವೇ ಒಂದು ಶೋಕಿಯಾಯಿತು. ಈ ಸಾಧನಕ್ಕೆ ಸ್ವರವೆಂದರೆ ಪಿಯಾನೋದ ಹನ್ನೆರಡು ಮನೆಗಳು. ಎರಡು ಮನೆಗಳ ನಡುವೆ ಸಿಕ್ಕಿದ್ದನ್ನು ಹತ್ತಿರದ ಮನೆಗೆ ತಳ್ಳುವುದೇ ಅದರ ಧರ್ಮ. ತೋಡಿಯ ಗಾಂಧಾರವೋ, ಎರಡು ಸ್ವರಗಳ ನಡುವೆ ಉಯ್ಯಾಲೆ ಆಡಿದರೇ ಗಾಂಧಾರ. ಯಂತ್ರ ಆ ಉಯ್ಯಾಲೆಯನ್ನು ಮೆಟ್ಟಿಲು ಮಾಡಿ ಕೊಟ್ಟಿತು. ಅಕ್ಕ ಕೇಳಿದಳು, ಕೋಪ ಮಾಡಲಿಲ್ಲ. “ಇದು ಯಾರು ಹಾಡಿದ್ದು?” ಎಂದಳು.

ಮೊಮ್ಮಗಳು ಅದನ್ನು ಕಿತ್ತುಹಾಕಿದಳು. ತಾಳಕ್ಕೆಂದು ಟಿಕ್ ಟಿಕ್ ಎನ್ನುತ್ತಿದ್ದ ಯಂತ್ರದ ಗಡಿಯಾರವನ್ನೂ ನಿಲ್ಲಿಸಿದಳು. ಗೌಹರ್ ಜಾನಳಿಗೆ ಮೂರು ನಿಮಿಷದ ತಟ್ಟೆಯೊಡನೆ ವಾದ ಮಾಡುವ ಸ್ವಾತಂತ್ರ್ಯವಿರಲಿಲ್ಲ. ತಟ್ಟೆ ಕೇಳಿದಷ್ಟಕ್ಕೆ ರಾಗವನ್ನು ಕತ್ತರಿಸಿಕೊಟ್ಟಳು. ಇಲ್ಲಿ ಎಂಬತ್ತರ ಮುದುಕಿ ಬೇಡ ಎಂದೊಡನೆ ಯಂತ್ರ ಸುಮ್ಮನಾಯಿತು. ಅದನ್ನು ಕಂಡು ನನಗೆ ಸಂತೋಷವಾಯಿತೆಂದು ಏಕೆ ಮುಚ್ಚಿಡಲಿ?

ಹೊರಗಿನ ಜಗತ್ತಿನಲ್ಲಿಯೂ ಈ ಚಿಕ್ಕ ಕೋಣೆಗಳಿಗೆ ಮರ್ಯಾದೆ ಬಂದಿದೆ. ಲಾಸ್ ಏಂಜಲೀಸಿನ ಬಿಲ್ಲಿ ಐಲಿಶ್ ಎಂಬ ಹುಡುಗಿ ತನ್ನ ಅಣ್ಣನ ಮಲಗುವ ಕೋಣೆಯಲ್ಲಿ ಹಾಡಿ ಮುದ್ರಿಸಿದ ಆಲ್ಬಮ್ಮಿಗೆ 2020ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಮಿ ಬಹುಮಾನಗಳಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ಮೆಂಬ ಮನ್ನಣೆ ಬಂತು. ಅದಾಗಿ ಎರಡು ತಿಂಗಳಿಗೆ ನಮ್ಮಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದವು. ಸಭೆಗಳಿಲ್ಲದ ಆ ದಿನಗಳಲ್ಲಿ ಹಾಡುವವರು ಒಂದೂರಿನಲ್ಲಿ, ಮೃದಂಗದವರು ಇನ್ನೊಂದೂರಿನಲ್ಲಿ ಕುಳಿತು, ತಮ್ಮ ತಮ್ಮ ಪಾಲನ್ನು ಮನೆಯಲ್ಲೇ ಮುದ್ರಿಸಿ ಕಳಿಸಿ ಕಚೇರಿಯನ್ನು ಹೊಲಿದರು. ಎದುರುಬದುರು ಕೂರದೆ ಕಚೇರಿಯೇ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಮೊಮ್ಮಗಳು ಈ ವಿದ್ಯೆ ಕಲಿತದ್ದು ಆಗಲೇ.

ಅಂದು ಮಹಡಿಯ ಕೋಣೆಯಲ್ಲಿ ಅವಳು ನನಗೆ ಹೇಳದೆ ಇನ್ನೊಂದು ಕೆಲಸ ಮಾಡಿದ್ದಳು. ನನ್ನ ಕಪಾಟಿನಿಂದ ಆ ಕ್ಯಾಸೆಟ್ಟನ್ನು ತೆಗೆದು, ಕೊನೆಯ ಹದಿನಾಲ್ಕು ಸೆಕೆಂಡನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ತೆರೆಯ ಮೇಲೆ ಅದು ಒಂದು ಸಣ್ಣ ಗುಡ್ಡಸಾಲಿನ ಹಾಗೆ ಕಾಣುತ್ತಿತ್ತು. ಟೇಪಿನ ಬುಸುಗುಟ್ಟುವಿಕೆಯ ನಡುವೆ ಅಮ್ಮನ ಧ್ವನಿ ಬಂತು. ಅರ್ಧ ಪಲ್ಲವಿಗೆ ಕಡಿದುಹೋಯಿತು. ಮುಂದಿನ ಅರ್ಧವನ್ನು, ಆಮೇಲಿನ ಚರಣಗಳನ್ನು ಅಕ್ಕ ಹಾಡಿ ಕೂಡಿಸಬೇಕೆಂಬುದು ಅವರಿಬ್ಬರ ಸಂಚು.

ತೊಡಕು ಬಂದದ್ದು ಶ್ರುತಿಯಲ್ಲಿ. ಟೇಪಿನಲ್ಲಿ ಅಮ್ಮ ಐದು ಮನೆ ಶ್ರುತಿಯಲ್ಲಿ ಹಾಡಿದ್ದಳು. ವಯಸ್ಸಿನಿಂದ ದನಿ ಇಳಿದು ಅಕ್ಕ ಈಗ ಹಾಡುವುದು ನಾಲ್ಕು ಮನೆಯಲ್ಲಿ.

“ಅದೇನು ಕಷ್ಟ ಇಲ್ಲ ದೊಡ್ಡಜ್ಜಿ. ಮುತ್ತಜ್ಜಿ ಧ್ವನೀನ ನಾಲ್ಕಕ್ಕೆ ಇಳಿಸಿಬಿಡ್ತೀನಿ. ಒಂದು ನಿಮಿಷದ ಕೆಲಸ,” ಎಂದಳು ಮೊಮ್ಮಗಳು.

“ಅಮ್ಮನ್ನ ಮುಟ್ಟಬೇಡ ಕಣೇ ಪುಟ್ಟಿ,” ಎಂದಳು ಅಕ್ಕ. “ನಾನೇ ಏರ್ತೀನಿ.”

ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಐದಕ್ಕೆ ತಿರುಗಿಸಿದಳು. ಮೊದಲ ಸಲ ಪಂಚಮದ ಮೇಲೆ ಉಸಿರು ಸಾಲಲಿಲ್ಲ. ಎರಡನೆಯ ಸಲ ಬಿಸಿನೀರು ಕುಡಿದು ಹಾಡಿದರೂ ಅರ್ಧದಲ್ಲಿ ಕೈ ಅಲ್ಲಾಡಿಸಿ ನಿಲ್ಲಿಸಿದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು, ಅಮ್ಮ ಬಿಟ್ಟ ಅಕ್ಷರದಿಂದಲೇ ಎತ್ತಿಕೊಂಡಳು. ಕೊನೆಯ ಚರಣದವರೆಗೆ ನಿಲ್ಲಲಿಲ್ಲ.

ಮೊಮ್ಮಗಳು ಅದನ್ನು ಮೊದಲಿಂದ ಹಾಕಿ ಕೇಳಿಸಿದಳು. ಮುಗಿಯುವ ಹೊತ್ತಿಗೆ ತೆರೆಯ ಮೇಲೆ, ಹಾಡಿನ ಗುಡ್ಡಗಳೆಲ್ಲ ಕಳೆದ ಮೇಲೆ, ಒಂಟಿಯಾಗಿ ನಿಂತಿದ್ದ ಒಂದು ಸಣ್ಣ ದಿಬ್ಬವನ್ನು ಬೆರಳಿನಿಂದ ತೋರಿಸಿದಳು.

“ಇದು ನೀನು, ತಾತ. ಮೂಗು ಸೇದಿದ್ದು. ಅಳಿಸಿಬಿಡಲಾ?”

ನಾನು ಬಾಯಿ ತೆರೆಯುವುದರೊಳಗೆ ಅಕ್ಕ, “ಬಿಡೇ, ಇರಲಿ,” ಎಂದು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಂಬಳಿ ಬಿಚ್ಚತೊಡಗಿದಳು.